ಸಿಡಿಲಿಗೆ ಮೋಡೆಮ್ ಕಳಚಿದರೂ ಕೂಗುವ ಟ್ಯಾಂಕಿ ಅಲಾರಂ: ವೈಫೈ ಬೋರ್ಡಿನಲ್ಲಿ ಕಟ್ಟುವುದು ಹೀಗೆ

ನಮ್ಮ ಉಡುಪಿ ಕಡೆ ಹೆಚ್ಚಿನ ಮನೆಗಳಲ್ಲಿ ಒಂದು ರೂಢಿ ಉಂಟು. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಯಾರಾದರೂ ಒಬ್ಬರು ಎದ್ದು ಹೋಗಿ ಟಿವಿ ಕೇಬಲನ್ನೂ ವೈಫೈ ಮೋಡೆಮಿನ ಪ್ಲಗ್ಗನ್ನೂ ಎಳೆದಿಡುತ್ತಾರೆ. ಒಳ್ಳೆಯ ರೂಢಿ, ಬಿಡಬೇಡಿ. ಆದರೆ ವೈಫೈ ಬೋರ್ಡಿನಿಂದ, ಅಂದರೆ ವೈಫೈ ಇರುವ, ಪ್ರೋಗ್ರಾಂ ತುಂಬಿಸಬಹುದಾದ ಸಣ್ಣ ಸರ್ಕ್ಯೂಟ್ ಬೋರ್ಡಿನಿಂದ, ಮನೆಗೆ ಏನಾದರೂ ಮಾಡಲು ಹೊರಟವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ನಾನು ಹಿಡಿದಿರಲಿಲ್ಲ.

ನನ್ನ ಮೊದಲ ಟ್ಯಾಂಕಿ ಅಲಾರಂ ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತಿತ್ತು. ಟ್ಯಾಂಕಿ ತುಂಬಿದರೆ ಬಜರ್ ಕೂಗಬೇಕು, ಮೊಬೈಲಿಗೆ ಮೆಸೇಜು ಬರಬೇಕು. ಏಪ್ರಿಲಿನ ಒಂದು ಸಂಜೆ ಪಂಪು ಹಾಕಿದ್ದೆವು. ಗುಡುಗು ಶುರುವಾಯಿತು, ಅಮ್ಮ ಮೋಡೆಮ್ ಕಳಚಿದರು, ಕರೆಂಟು ಒಮ್ಮೆ ಹೋಗಿ ಬಂತು. ಪಂಪು ಮತ್ತೆ ಓಡತೊಡಗಿತು. ಬೋರ್ಡ್ ಮಾತ್ರ ಹೊಸದಾಗಿ ಶುರುವಾಗಿ, ಇಲ್ಲದ ವೈಫೈಗೆ ಕಾಯುತ್ತ ಅಲ್ಲೇ ನಿಂತುಬಿಟ್ಟಿತು. ಟ್ಯಾಂಕಿ ತುಂಬಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ. "ನೀರು ಹರೀತಾ ಉಂಟು ಮಾರಾಯಾ, ನಿನ್ನ ಯಂತ್ರ ಎಂಥ ಮಾಡ್ತಾ ಉಂಟು?" ಅಂತ ಅಮ್ಮ ಅಂಗಳದಿಂದ ಕೂಗಿದಾಗಲೇ ನಮಗೂ ತಿಳಿದದ್ದು. ಬಾವಿಯ ತಳ ಕಾಣುವ ತಿಂಗಳಲ್ಲಿ ಅಷ್ಟು ನೀರು ಚೆಲ್ಲಿದ್ದು ಈಗಲೂ ಹೊಟ್ಟೆ ಉರಿಸುತ್ತದೆ.

ಆಮೇಲೆ ಎರಡನೇ ಸಲ ಕಟ್ಟಿದ್ದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಬೋರ್ಡಿನಲ್ಲಿ ವೈಫೈ ಇದ್ದರೂ ಮುಖ್ಯ ಕೆಲಸ ವೈಫೈ ಇಲ್ಲದೆ ನಡೆಯಬೇಕು. ವೈರಿಂಗೂ ಪ್ರೋಗ್ರಾಮೂ ಈ ಒಂದು ಮಾತನ್ನೇ ಹಿಡಿದು ಮಾಡಿದ್ದು.

ಬೇಕಾಗುವ ಸಾಮಾನು

ನೋಡ್‌ಎಂಸಿಯು ಅಂತ ಕರೆಯುವ ಇಎಸ್‌ಪಿ 8266 ಬೋರ್ಡ್ ಒಂದು. ಶಾಂಘೈನ ಎಸ್ಪ್ರೆಸ್ಸಿಫ್ ಕಂಪನಿಯ ಚಿಪ್ ಇದು. 2014ರಲ್ಲಿ ಹವ್ಯಾಸಿಗಳ ಕೈಗೆ ಬಂತು, ಇನ್ನೂ ಸಿಗುತ್ತದೆ. ಅದೇ ಕಂಪನಿಯ ಇಎಸ್‌ಪಿ 32 ಇದಕ್ಕಿಂತ ಗಟ್ಟಿ, ಬ್ಲೂಟೂತೂ ಉಂಟು, ಆದರೆ ಟ್ಯಾಂಕಿ ಕೆಲಸಕ್ಕೆ ಅದರ ಅಗತ್ಯ ಇಲ್ಲ. ಕೈಯಲ್ಲಿ ಇಎಸ್‌ಪಿ 32 ಇದ್ದರೆ ಅದನ್ನೇ ಬಳಸಿ. 34ರಿಂದ 39ರವರೆಗಿನ ಪಿನ್ನುಗಳು ಇನ್‌ಪುಟ್‌ಗೆ ಮಾತ್ರ, ಔಟ್‌ಪುಟ್ ಕೊಡುವುದಿಲ್ಲ ಅನ್ನುವುದು ನೆನಪಿರಲಿ.

ಜೊತೆಗೆ ಎರಡು ಸಣ್ಣ ಫ್ಲೋಟ್ ಸ್ವಿಚ್, ಒಂದು 5 ವೋಲ್ಟಿನ ಆ್ಯಕ್ಟಿವ್ ಬಜರ್, ಒಂದು ಬಿಸಿ 547 ಟ್ರಾನ್ಸಿಸ್ಟರ್, 1 ಕಿಲೋ ಓಮಿನ ರೆಸಿಸ್ಟರ್ ಮೂರು, 4.7 ಕಿಲೋ ಓಮಿನದು ಎರಡು, ಮೇಲೆ 104 ಅಂತ ಬರೆದಿರುವ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಎರಡು. ಟೆರೇಸಿನಿಂದ ಕೆಳಗೆ ಬರಲು ಹೊರಗೆ ಹಾಕುವಂಥ ನೆಟ್‌ವರ್ಕ್ ಕೇಬಲ್. ಅದರಲ್ಲಿ ಎಂಟು ತಂತಿ ಇರುತ್ತದೆ, ನಮಗೆ ಬೇಕಾದದ್ದು ಮೂರೇ. ಒಂದು ಒಳ್ಳೆಯ 5 ವೋಲ್ಟ್, 1 ಆಂಪಿಯರಿನ ಮೊಬೈಲ್ ಚಾರ್ಜರ್. ಇದರಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ವೈಫೈ ಸಿಗ್ನಲ್ ಬಿಡುವ ಗಳಿಗೆಯಲ್ಲಿ ಬೋರ್ಡ್ ಇದ್ದಕ್ಕಿದ್ದ ಹಾಗೆ 300 ಮಿಲಿಆಂಪಿಯರಿನಷ್ಟು ಎಳೆಯಬಹುದು, ಬಡಕಲು ಚಾರ್ಜರಿಗೆ ಅದು ತಡೆಯುವುದಿಲ್ಲ. ಬೋರ್ಡ್ ಸುಮ್ನೆ ಸುಮ್ನೆ ರೀಸ್ಟಾರ್ಟ್ ಆಗುತ್ತಿದ್ದರೆ ಪ್ರೋಗ್ರಾಂ ತಿದ್ದುವ ಮೊದಲು ಚಾರ್ಜರ್ ಬದಲಿಸಿ ನೋಡಿ.

ಅಲ್ಟ್ರಾಸಾನಿಕ್ ಸೆನ್ಸರ್ ಯಾಕೆ ಬೇಡ ಅಂತ ಕೇಳಬಹುದು. ನಾನೂ ಮೊದಲು ಅದನ್ನೇ ಹಾಕಿದ್ದು. ನೀರು ಎಷ್ಟು ಸೆಂಟಿಮೀಟರ್ ಉಂಟು ಅಂತ ತೋರಿಸುವುದು ಚಂದವೇ. ಆದರೆ ಮುಚ್ಚಿದ ಟ್ಯಾಂಕಿಯ ಒಳಗೆ ಸೆಕೆಯ ಆವಿ ಸೆನ್ಸರಿನ ಮುಖದ ಮೇಲೆ ಹನಿಗಟ್ಟುತ್ತದೆ, ಲೆಕ್ಕ ತಪ್ಪುತ್ತದೆ. ನೀರು ತಾಗದಂಥ ಸೆನ್ಸರ್ ಅಂತ ಮಾರುವುದಕ್ಕೂ ನೀರಿನಿಂದ ಸುಮಾರು 25 ಸೆಂಟಿಮೀಟರ್ ಅಂತರ ಬೇಕು, ಟ್ಯಾಂಕಿ ತುಂಬುವ ಹೊತ್ತಿಗೇ ಅದು ಕುರುಡಾಗುತ್ತದೆ. ನಮಗೆ ಗೊತ್ತಾಗಬೇಕಾದದ್ದೂ ಅದೇ ಹೊತ್ತಿನಲ್ಲಿ ಅಲ್ವಾ? ಫ್ಲೋಟ್ ಸ್ವಿಚ್ಚಿನಲ್ಲಿ ತೇಲುವ ಬಿಲ್ಲೆಯೊಳಗೆ ಒಂದು ಅಯಸ್ಕಾಂತ, ನಡುವಿನ ಕಂಬದೊಳಗೆ ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟ, ಅಯಸ್ಕಾಂತಕ್ಕೆ ಓಗೊಡುವ ರೀಡ್ ಸ್ವಿಚ್, ಅಷ್ಟೇ. ನೀರು ಸಂಪರ್ಕಕ್ಕೆ ತಾಗುವುದೇ ಇಲ್ಲ.

ಮೊದಲು ಬೋರ್ಡ್ ಮಾತಾಡಲಿ

ಬೋರ್ಡಿಗೆ ಪ್ರೋಗ್ರಾಂ ಬರೆದು ತುಂಬಿಸುವ ಆರ್ಡುಯಿನೋ ಐಡಿಇ ಎಂಬ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಪ್ರಿಫರೆನ್ಸಸ್‌ನಲ್ಲಿ ಹೆಚ್ಚುವರಿ ಬೋರ್ಡುಗಳ ವಿಳಾಸ ಹಾಕುವ ಜಾಗ ಇದೆ. ಇಎಸ್‌ಪಿ 8266ರ ಆರ್ಡುಯಿನೋ ಯೋಜನೆಯವರು ಗಿಟ್‌ಹಬ್‌ನಲ್ಲಿ ಕೊಟ್ಟ ವಿಳಾಸವನ್ನು ಅಲ್ಲಿ ಅಂಟಿಸಿ. ಆಮೇಲೆ ಬೋರ್ಡ್ಸ್ ಮ್ಯಾನೇಜರಿನಲ್ಲಿ ಇಎಸ್‌ಪಿ 8266 ಹುಡುಕಿ ಇನ್‌ಸ್ಟಾಲ್ ಮಾಡಿ, ನೋಡ್‌ಎಂಸಿಯು 1.0 ಆರಿಸಿ.

ಪೋರ್ಟ್ ಕಾಣದಿದ್ದರೆ ಬೋರ್ಡ್ ಹಾಳಾಗಿದೆ ಅಂತ ತೀರ್ಮಾನಿಸಬೇಡಿ. ಹೆಚ್ಚಿನ ಸಲ ತಪ್ಪು ಯುಎಸ್‌ಬಿ ವೈರಿನದ್ದು. ಚಾರ್ಜ್ ಮಾಡಲು ಮಾತ್ರ ಆಗುವ, ಡೇಟಾ ತಂತಿಯೇ ಇಲ್ಲದ ವೈರುಗಳು ಎಲ್ಲರ ಮನೆಯಲ್ಲೂ ನಾಲ್ಕು ಇರುತ್ತವೆ. ಮೊಬೈಲಿನಿಂದ ಕಂಪ್ಯೂಟರಿಗೆ ಫೋಟೋ ಹೋಗುವ ವೈರ್ ಯಾವುದೋ ಅದನ್ನು ಹಾಕಿ. ಆಗಲೂ ಕಾಣದಿದ್ದರೆ ಬೋರ್ಡಿನ ಯುಎಸ್‌ಬಿ ಚಿಪ್ ಮೇಲೆ ಸಿಎಚ್ 340 ಅಂತ ಉಂಟೋ ಸಿಪಿ 2102 ಅಂತ ಉಂಟೋ ನೋಡಿ, ಅದರ ಡ್ರೈವರ್ ಹಾಕಿ.

ಬ್ಲಿಂಕ್ ಎಂಬ ಉದಾಹರಣೆಯನ್ನು ಅಪ್‌ಲೋಡ್ ಮಾಡಿ. ನೀಲಿ ದೀಪ ಮಿನುಗಿದರೆ ಅರ್ಧ ಗೆದ್ದ ಹಾಗೆ. ಈ ದೀಪ ಪಿನ್ನಿಗೆ ಲೋ (ಸೊನ್ನೆ ವೋಲ್ಟ್) ಕೊಟ್ಟಾಗ ಉರಿಯುತ್ತದೆ, ಹೈ (3.3 ವೋಲ್ಟ್) ಕೊಟ್ಟಾಗ ಆರುತ್ತದೆ. ಬೋರ್ಡ್ ಕಳಿಸುವ ಅಕ್ಷರಗಳನ್ನು ತೋರಿಸುವ ಸೀರಿಯಲ್ ಮಾನಿಟರಿನ ವೇಗವನ್ನು 115200ಕ್ಕೆ ಇಟ್ಟಾಗ ಶುರುವಿನಲ್ಲಿ ಒಂದೆರಡು ಸಾಲು ಕಸದಂಥ ಅಕ್ಷರ ಬಂದರೆ ಹೆದರಬೇಡಿ. ಚಿಪ್ ಏಳುವಾಗ ಆಡುವ ಮಾತು ಅದು, 74880 ವೇಗದಲ್ಲಿ ಬರುತ್ತದೆ.

ವೈರಿಂಗ್

ಬೋರ್ಡಿನ ಎಲ್ಲ ಪಿನ್ನುಗಳೂ ಒಂದೇ ಅಲ್ಲ. ಡಿ3, ಡಿ4, ಡಿ8 ಈ ಮೂರು ಚಿಪ್ ಯಾವ ರೀತಿ ಏಳಬೇಕು ಅನ್ನುವುದನ್ನು ನಿರ್ಧರಿಸುತ್ತವೆ. ಅಲ್ಲಿ ಫ್ಲೋಟ್ ಸಿಕ್ಕಿಸಿದರೆ, ಟ್ಯಾಂಕಿಯ ನೀರು ಯಾವ ಮಟ್ಟದಲ್ಲಿದೆ ಎಂಬುದರ ಮೇಲೆ ಬೋರ್ಡ್ ಏಳುವುದು, ಏಳದಿರುವುದು ಆಗಬಹುದು. ಹಾಗಾಗಿ ಫ್ಲೋಟುಗಳು ಡಿ5, ಡಿ6ಕ್ಕೆ. ಬಜರ್ ಡಿ1ಕ್ಕೆ. ಡಿ1 ಮತ್ತು ಡಿ2 ಬೋರ್ಡ್ ಏಳುವಾಗಲೂ ತಣ್ಣಗೆ ಇರುವ ಪಿನ್ನುಗಳು, ಕರೆಂಟು ಬಂದಾಗಲೆಲ್ಲ ಬಜರ್ ಕಿರುಚುವುದಿಲ್ಲ.

ಬಜರನ್ನು ನೇರ ಪಿನ್ನಿಗೆ ಹಾಕಬೇಡಿ. ಪಿನ್ನಿನ ಶಕ್ತಿ ಹನ್ನೆರಡು ಮಿಲಿಆಂಪಿಯರ್ ಅಷ್ಟೇ, ಬಜರಿಗೆ ಅದಕ್ಕಿಂತ ಜಾಸ್ತಿ ಬೇಕು. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡಗಡೆಯಿಂದ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರ್ ಗ್ರೌಂಡಿಗೆ. ಬೇಸ್‌ಗೆ 1 ಕಿಲೋ ಓಮ್ ಮೂಲಕ ಡಿ1. ಬಜರಿನ ಮೈನಸ್ ಕಲೆಕ್ಟರಿಗೆ, ಪ್ಲಸ್ 5 ವೋಲ್ಟಿಗೆ. ಆ 5 ವೋಲ್ಟು ವಿನ್ ಎಂಬ ಪಿನ್ನಿನಲ್ಲಿ ಸಿಗುತ್ತದೆ, ಕೆಲವು ಬೋರ್ಡಿನಲ್ಲಿ ಅದಕ್ಕೆ ವಿಯು ಅಂತ ಬರೆದಿರುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿಯೇ ಹಾಕಿ.

ಈಗ ಫ್ಲೋಟುಗಳು. ನನಗೆ ಇಡೀ ಪ್ರಾಜೆಕ್ಟಿನಲ್ಲಿ ಬಹಳ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

ಪ್ರತಿ ಫ್ಲೋಟಿನ ಒಂದು ತಂತಿ ಗ್ರೌಂಡಿಗೆ, ಇನ್ನೊಂದು ಪಿನ್ನಿನ ಕಡೆಗೆ. ಪಿನ್ನಿನ ಕಡೆಯ ತಂತಿಯನ್ನು 4.7 ಕಿಲೋ ಓಮ್ ಮೂಲಕ 3.3 ವೋಲ್ಟಿಗೆ ಎಳೆದು ಕಟ್ಟಿ. ಸ್ವಿಚ್ ಮುಚ್ಚಿದ್ದರೆ, ಅಂದರೆ ಸಂಪರ್ಕ ಕೂಡಿದ್ದರೆ ಪಿನ್ ಲೋ, ತೆರೆದಿದ್ದರೆ ಹೈ. ಮೇಲಿನ ಫ್ಲೋಟನ್ನು, ನೀರು ಕೆಳಗಿದ್ದಾಗ ಮುಚ್ಚಿದ್ದು, ತೇಲಿದಾಗ ತೆರೆಯುವಂತೆ ಇಡಿ. ಕೆಳಗಿನದನ್ನು ತಿರುಗಾಮುರುಗಾ: ನೀರು ಇದ್ದು ತೇಲುತ್ತಿರುವಾಗ ಮುಚ್ಚಿದ್ದು, ನೀರು ಇಳಿದಾಗ ತೆರೆಯುವಂತೆ. ಈ ಸಣ್ಣ ಫ್ಲೋಟುಗಳ ತುದಿಯ ಕ್ಲಿಪ್ ತೆಗೆದು ಬಿಲ್ಲೆಯನ್ನು ತಲೆಕೆಳಗೆ ಮಾಡಿ ಹಾಕಿದರೆ ತೆರೆಯುವುದು ಮುಚ್ಚುವುದು ಅದಲು ಬದಲಾಗುತ್ತದೆ, ಬೇರೆ ಫ್ಲೋಟ್ ಕೊಳ್ಳಬೇಕಿಲ್ಲ.

ಹೀಗೆ ಮಾಡಿದರೆ ಮೇಲಿನ ಪಿನ್ ಹೈ ಅಂದರೆ ತುಂಬಿದೆ, ಕೆಳಗಿನ ಪಿನ್ ಹೈ ಅಂದರೆ ನೀರು ಕಮ್ಮಿ. ಎರಡೂ ಒಟ್ಟಿಗೆ ಹೈ ಅಂದರೆ? ಟ್ಯಾಂಕಿ ಒಂದೇ ಹೊತ್ತಿಗೆ ತುಂಬಿಯೂ ಖಾಲಿಯೂ ಇರಲಾರದು. ಹಾಗಾದರೆ ಕೇಬಲ್ ತುಂಡಾಗಿದೆ ಅಂತ ಅರ್ಥ. ಇಲಿ ಕಡಿಯಲಿ, ತೆಂಗಿನ ಮಡಲು ಬಿದ್ದು ತಂತಿ ಹರಿಯಲಿ, ಅಲಾರಂ ತಾನಾಗಿ ಹೇಳುತ್ತದೆ. ಇದಕ್ಕೆ ಬೇರೆ ಸೆನ್ಸರೂ ಬೇಡ, ಹೆಚ್ಚಿನ ತಂತಿಯೂ ಬೇಡ. ಸ್ವಿಚ್ಚನ್ನು ಉಲ್ಟಾ ಇಟ್ಟಿದ್ದರೆ ಕೇಬಲ್ ತುಂಡಾದದ್ದು ಗೊತ್ತಾಗದೆ ನೀರು ಹರಿದುಹೋಗುವಾಗಲೂ ಬೋರ್ಡ್ ಸುಮ್ಮನೆ ಕೂತಿರುತ್ತಿತ್ತು.

ಹೀಗೆ 3.3 ವೋಲ್ಟಿಗೆ ಎಳೆದಿಡುವ ರೆಸಿಸ್ಟರಿಗೆ ಪುಲ್‌ಅಪ್ ಅನ್ನುತ್ತಾರೆ. ಬೋರ್ಡಿನೊಳಗೇ ಪುಲ್‌ಅಪ್ ಇರುವಾಗ 4.7 ಕಿಲೋ ಓಮ್ ಬೇರೆ ಯಾಕೆ? ಒಳಗಿನದು ಹತ್ತಾರು ಕಿಲೋ ಓಮಿನದು, ತುಂಬ ದುರ್ಬಲ. ಜಡಿಮಳೆಯ ಆಟಿ ತಿಂಗಳಲ್ಲಿ ಜಾಯಿಂಟಿನ ಮೇಲೆ ಉಪ್ಪು ಮತ್ತು ತೇವ ಸೇರಿ ಸ್ವಲ್ಪ ಸೋರಿಕೆ ಆದರೂ ತೆರೆದ ಸ್ವಿಚ್ ಮುಚ್ಚಿದ ಹಾಗೆ ಕಾಣುತ್ತದೆ. ಗಟ್ಟಿ ಪುಲ್‌ಅಪ್ ಇದ್ದರೆ ಆ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಕೊನೆಗೆ ತಂತಿಗೂ ಪಿನ್ನಿಗೂ ನಡುವೆ 1 ಕಿಲೋ ಓಮ್, ಪಿನ್ನಿನಿಂದ ಗ್ರೌಂಡಿಗೆ 104 ಕೆಪಾಸಿಟರ್. ಪಂಪು ಶುರುವಾಗುವಾಗಿನ ಗಲಾಟೆ ಇದರಿಂದ ತಗ್ಗುತ್ತದೆ. ಪಂಪಿನ ಕರೆಂಟು ಹೋಗುವ ಪೈಪಿನೊಳಗೇ ಈ ಕೇಬಲನ್ನು ತೂರಿಸಬೇಡಿ. ಗಲಾಟೆಯ ಮಾತು ಒಂದು, ಅಪಾಯದ ಮಾತು ಇನ್ನೊಂದು.

ಪ್ರೋಗ್ರಾಂ: ಆ ಒಂದು ಕಾಯುವ ಸಾಲು

ಅಂತರ್ಜಾಲದಲ್ಲಿ ಸಿಗುವ ಉದಾಹರಣೆಗಳಲ್ಲಿ ಹೆಚ್ಚಿನವು ಸೆಟಪ್‌ನಲ್ಲಿ, ಅಂದರೆ ಬೋರ್ಡ್ ಎದ್ದಾಗ ಒಮ್ಮೆ ಮಾತ್ರ ಓಡುವ ಭಾಗದಲ್ಲಿ, ವೈಫೈ ಶುರು ಮಾಡಿ, ಸಂಪರ್ಕ ಸಿಗುವವರೆಗೆ ಚುಕ್ಕಿ ಹಾಕುತ್ತ ಕಾಯುವ ಒಂದು ವೈಲ್ ಲೂಪ್ ಇಟ್ಟಿರುತ್ತವೆ. ನಮ್ಮನೆಯ ನೀರು ಹೋದದ್ದು ಆ ಸಾಲಿನಿಂದ. ಚಿಪ್‌ನಲ್ಲಿ ವಾಚ್‌ಡಾಗ್ ಅಂತ ಒಂದು ಕಾವಲು ಇದೆ, ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ರೀಸ್ಟಾರ್ಟ್ ಮಾಡುತ್ತದೆ ನಿಜ, ಆದರೆ ಆ ಲೂಪಿನೊಳಗೆ ಸ್ವಲ್ಪ ಹೊತ್ತು ತಡೆದು ನಿಲ್ಲಿಸುವ ಡಿಲೇ ಎಂಬ ಆಜ್ಞೆ ಇರುವುದರಿಂದ ಎಲ್ಲ ಸರಿ ಇದೆ ಅಂತಲೇ ಅದು ತಿಳಿದುಕೊಳ್ಳುತ್ತದೆ. ಎಷ್ಟು ದಿನ ಬೇಕಾದರೂ ಹಾಗೇ ಕಾಯುತ್ತದೆ.

ಆ ಲೂಪನ್ನು ತೆಗೆದುಹಾಕಿ. ಸೆಟಪ್‌ನಲ್ಲಿ ವೈಫೈ ಬಿಗಿನ್ ಒಂದು ಸಲ ಕರೆದು ಮುಂದೆ ಹೋಗಿ. ಮೋಡೆಮ್ ಇದ್ದರೆ ಬೋರ್ಡ್ ಹಿನ್ನೆಲೆಯಲ್ಲಿ ಸೇರಿಕೊಳ್ಳುತ್ತದೆ. ಇಲ್ಲದಿದ್ದರೆ ಪ್ರಯತ್ನಿಸುತ್ತಲೇ ಇರುತ್ತದೆ, ಮೋಡೆಮ್ ಮರಳಿದಾಗ ತಾನೇ ಸೇರುತ್ತದೆ.

ಮುಖ್ಯ ಲೂಪಿನಲ್ಲಿ ಕೆಲಸದ ಕ್ರಮ ಹೀಗಿರಲಿ. ಮೊದಲು ಎರಡೂ ಫ್ಲೋಟ್ ಓದಿ. ಪಂಪಿನ ನೀರು ಬಿದ್ದು ಅಲೆ ಏಳುವಾಗ ಫ್ಲೋಟ್ ಕುಣಿಯುತ್ತದೆ, ಆದ್ದರಿಂದ ಒಂದೇ ಸ್ಥಿತಿ ಮೂರು ಸೆಕೆಂಡು ನಿಂತರೆ ಮಾತ್ರ ನಂಬಿ. ಎರಡನೆಯದಾಗಿ ಬಜರ್: ತುಂಬಿದರೆ ಉದ್ದದ ಕೂಗು, ಕೇಬಲ್ ತೊಂದರೆಗೆ ನಿಮಿಷಕ್ಕೊಮ್ಮೆ ಎರಡು ಸಣ್ಣ ಬೀಪ್. ನೀರು ಕಮ್ಮಿಯಾದದ್ದಕ್ಕೆ ಬಜರ್ ಬೇಡ, ಬೆಳಗಿನ ಜಾವ ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಅದಕ್ಕೆ ಮೆಸೇಜು ಸಾಕು. ಎಲ್ಲ ಮುಗಿದ ಮೇಲೆ, ವೈಫೈ ಇದ್ದರೆ ಮಾತ್ರ, ಟೆಲಿಗ್ರಾಂ ಆ್ಯಪಿನ ಮೂಲಕ ಮೆಸೇಜು ಕಳಿಸಿ.

ಈ ಕ್ರಮ ಬದಲಿಸಬೇಡಿ. ಟೆಲಿಗ್ರಾಂಗೆ ಸಂಪರ್ಕ ಮಾಡುವಾಗ ಬೋರ್ಡ್ ಕೆಲವು ಸೆಕೆಂಡು ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ. ವೈಫೈ ಇದ್ದು ಇಂಟರ್ನೆಟ್ ಮಾತ್ರ ಇಲ್ಲದಿದ್ದರೆ ಇನ್ನೂ ಜಾಸ್ತಿ ಹೊತ್ತು ಕಾಯುತ್ತದೆ. ಬಜರ್ ಮೊದಲೇ ಕೂಗಿದ್ದರೆ ಅದು ಕಾದರೂ ತೊಂದರೆ ಇಲ್ಲ. ಟೈಮ್‌ಔಟನ್ನು ಐದು ಸೆಕೆಂಡಿಗೆ ಇಳಿಸಿಡಿ, ಸ್ಥಿತಿ ಬದಲಾದಾಗ ಮಾತ್ರ ಒಂದು ಮೆಸೇಜು ಕಳಿಸಿ, ಇಲ್ಲದಿದ್ದರೆ ಫೋನಿಗೆ ಮಳೆಯ ಹಾಗೆ ಬಂದು ಬೀಳುತ್ತದೆ. ಟೆಲಿಗ್ರಾಂನ ಬಾಟ್‌ಫಾದರ್ ಎಂಬ ಖಾತೆಯ ಬಳಿ ಹೊಸ ಬಾಟ್ (ತಾನಾಗಿ ಮೆಸೇಜು ಕಳಿಸುವ ಖಾತೆ) ಮಾಡಿ, ಅದರ ಗುಟ್ಟಿನ ಕೀಲಿಯಾದ ಟೋಕನ್ ಪಡೆಯುವುದು ಎರಡು ನಿಮಿಷದ ಕೆಲಸ. ಟೋಕನ್ನನ್ನೂ ವೈಫೈ ಪಾಸ್‌ವರ್ಡನ್ನೂ ಬೇರೆ ಫೈಲಿನಲ್ಲಿಡಿ, ನಾಳೆ ಪ್ರೋಗ್ರಾಮನ್ನು ಯಾರಿಗಾದರೂ ಕೊಡುವಾಗ ಅದೂ ಹೋಗಬಾರದು.

ಹೊತ್ತು ಅಳೆಯಲು ಉದ್ದದ ಡಿಲೇ ಬಳಸಬೇಡಿ, ಬೋರ್ಡ್ ಎದ್ದು ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಎಣಿಸುವ ಮಿಲಿಸ್ ಬಳಸಿ. ಮಿಲಿಸ್ ಸುಮಾರು 49 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಈಗಿನ ಎಣಿಕೆಯಿಂದ ಹಳೆಯದನ್ನು ಕಳೆದು ನೋಡುವಂತೆ ಬರೆದರೆ, ಎರಡನ್ನೂ ಅನ್‌ಸೈನ್ಡ್ ಲಾಂಗ್ ಎಂಬ ಮೈನಸ್ ಇಲ್ಲದ ಸಂಖ್ಯೆಯ ಬಗೆಯಲ್ಲಿ ಇಟ್ಟರೆ, ಆಗಲೂ ಲೆಕ್ಕ ತಪ್ಪುವುದಿಲ್ಲ.

ಬಜರನ್ನು ನಿಲ್ಲಿಸಲು ಒಂದು ಗುಂಡಿ ಬೇಕಲ್ಲ? ಬೋರ್ಡಿನ ಮೇಲೆಯೇ ಫ್ಲಾಶ್ ಅಂತ ಒಂದು ಗುಂಡಿ ಇದೆ, ಅದು ಡಿ3. ಬೋರ್ಡ್ ಎದ್ದ ಮೇಲೆ ಅದನ್ನು ಮಾಮೂಲಿ ಗುಂಡಿಯ ಹಾಗೆ ಓದಬಹುದು. ಒತ್ತಿ ಹಿಡಿದುಕೊಂಡೇ ಕರೆಂಟು ಹಾಕಿದರೆ ಮಾತ್ರ ಪ್ರೋಗ್ರಾಂ ಶುರುವಾಗದೆ ಅಪ್‌ಲೋಡಿಗೆ ಕಾಯುತ್ತದೆ, ಅದನ್ನು ಮನೆಯವರಿಗೆಲ್ಲ ಹೇಳಿಡಿ.

ಬಕೆಟಿನಲ್ಲಿ ಒಂದು ವಾರ

ಟೆರೇಸ್ ಹತ್ತುವ ಮೊದಲು ಬಚ್ಚಲಿನ ಬಕೆಟಿನಲ್ಲಿ ಫ್ಲೋಟ್ ಇಳಿಬಿಟ್ಟು ನೋಡಿ. ಮುಳುಗಿಸಿ, ಎತ್ತಿ, ಅಲ್ಲಾಡಿಸಿ. ಮೋಡೆಮ್ ಕಳಚಿ, ಆಮೇಲೆ ಬೋರ್ಡಿನ ಕರೆಂಟು ಒಮ್ಮೆ ತೆಗೆದು ಮತ್ತೆ ಕೊಡಿ, ಆಗಲೂ ಮೇಲಿನ ಫ್ಲೋಟ್ ತೇಲಿದರೆ ಬಜರ್ ಕೂಗಬೇಕು. ಕೇಬಲ್ ಎಳೆದರೆ ಎರಡು ಬೀಪ್ ಬರಬೇಕು. ಒಂದು ವಾರ ಹಾಗೇ ಓಡಲಿ.

ವೈಫೈ ಎಷ್ಟು ಬಲವಾಗಿ ಸಿಗುತ್ತದೆ ಅಂತ ಬೋರ್ಡ್ ಇಡುವ ಜಾಗದಲ್ಲೇ ನೋಡಿಕೊಳ್ಳಿ. ಬೋರ್ಡ್ ಹಿಡಿಯುವುದು 2.4 ಗಿಗಾಹರ್ಟ್ಸ್ ಮಾತ್ರ, ಮೋಡೆಮಿನಲ್ಲಿ 5 ಮಾತ್ರ ಆನ್ ಇದ್ದರೆ ಕಾಣುವುದೇ ಇಲ್ಲ. ಸಿಗ್ನಲಿನ ಬಲ ಹೇಳುವ ಆರ್‌ಎಸ್‌ಎಸ್‌ಐ ಎಂಬ ಅಂಕೆ (ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಮೈನಸ್ 70ರ ಒಳಗೆ ಇದ್ದರೆ ನಿಶ್ಚಿಂತೆ, ಮೈನಸ್ 80 ದಾಟಿದರೆ ಜಾಗ ಬದಲಿಸಿ. ನಮ್ಮ ಕೆಂಪು ಕಲ್ಲಿನ ದಪ್ಪ ಗೋಡೆಗಳು ಸಿಗ್ನಲನ್ನು ಚೆನ್ನಾಗಿ ತಿನ್ನುತ್ತವೆ, ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಇನ್ನೂ ಜಾಸ್ತಿ.

ಉಪ್ಪು, ತೇವ, ಇರುವೆ

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಮೇಲಿಂದ ಕಡಲ ಗಾಳಿ. ಮಲ್ಪೆ, ಕಾಪು, ಸುರತ್ಕಲ್ ಕಡೆ ಸಮುದ್ರಕ್ಕೆ ಹತ್ತಿರ ಮನೆ ಇದ್ದವರಿಗೆ ಹೇಳಬೇಕಾಗಿಯೇ ಇಲ್ಲ, ತಾಮ್ರದ ಮೇಲೆ ಹಸಿರು ಕಿಲುಬು ಎಷ್ಟು ಬೇಗ ಬರುತ್ತದೆ ಅಂತ. ಬ್ರೆಡ್‌ಬೋರ್ಡೂ ಜಂಪರ್ ತಂತಿಯೂ ಬಕೆಟ್ ಪರೀಕ್ಷೆಗೆ ಮಾತ್ರ. ಗೋಡೆಗೆ ಏರುವುದು ಬೆಸುಗೆ ಹಾಕಿದ್ದೇ ಆಗಬೇಕು. ಬೆಸುಗೆಯ ನಂತರ ಉಳಿದ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಒಣಗಿಸಿ, ಪಿಸಿಬಿಗೆ ಹಚ್ಚುವ ವಾರ್ನಿಷ್ ಒಂದು ಕೈ ಹಚ್ಚಿ. ಆಂಟೆನಾ, ಯುಎಸ್‌ಬಿ ಬಾಯಿ, ಗುಂಡಿಗಳನ್ನು ಬಿಟ್ಟು.

ವೈರು ಹೋಗುವ ತೂತು ಮುಚ್ಚಲು ಸಿಲಿಕೋನ್ ಬಳಸುವವರು ಒಂದು ವಿಷಯ ಗಮನಿಸಿ. ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗಿನ ತಾಮ್ರವನ್ನು ಅದೇ ತಿನ್ನುತ್ತದೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಇರುವುದನ್ನೇ ಕೇಳಿ ತನ್ನಿ. ಸಿಲಿಕಾ ಜೆಲ್ ಪೊಟ್ಟಣ ನಮ್ಮ ಜುಲೈಗೆ ಸಾಲುವುದಿಲ್ಲ, ಕೆಲವೇ ದಿನದಲ್ಲಿ ನೀರು ಕುಡಿದು ಮುಗಿಯುತ್ತದೆ.

ಪೆಟ್ಟಿಗೆ ಪ್ಲಾಸ್ಟಿಕ್ಕಿನದೇ ಇರಲಿ, ಲೋಹದ್ದು ವೈಫೈಯನ್ನು ತಡೆಯುತ್ತದೆ. ವೈರುಗಳು ಅಡಿಯಿಂದ ಒಳಗೆ ಹೋಗಲಿ, ಒಳಹೋಗುವ ಮೊದಲು ಕೆಳಗೆ ಒಂದು ಬಾಗು ಇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ಗೋಡೆಯೇ ಬೆವರುವುದರಿಂದ ಪೆಟ್ಟಿಗೆಗೂ ಗೋಡೆಗೂ ನಡುವೆ ಎರಡು ಮರದ ಪಟ್ಟಿ ಕೊಡಿ. ಹಲ್ಲಿ, ಇರುವೆ ನುಗ್ಗುವಷ್ಟು ಸಂದು ಬಿಡಬೇಡಿ.

ಫ್ಲೋಟುಗಳನ್ನು ಒಂದು ಪಿವಿಸಿ ಪೈಪಿಗೆ ಜೋಡಿಸಿ ಟ್ಯಾಂಕಿಯೊಳಗೆ ಇಳಿಬಿಡಿ. ಮೇಲಿನದು ಓವರ್‌ಫ್ಲೋ ಪೈಪಿಗಿಂತ ಒಂದು ಗೇಣು ಕೆಳಗೆ. ಜಾಯಿಂಟು ಯಾವುದೂ ನೀರಿನೊಳಗೆ ಬೇಡ, ಎಲ್ಲ ಟ್ಯಾಂಕಿಯ ಹೊರಗೆ. ಕುಡಿಯುವ ನೀರಿಗೆ ಬೆಸುಗೆಯ ಸೀಸ ಸೇರಬಾರದು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಮೊದಲು ಟೆರೇಸಿನ ಕೆಲಸ ಮುಗಿಸಿಬಿಡಿ. ಆಮೇಲೆ ಪಾಚಿ ಹಿಡಿದ ಟೆರೇಸಿನಲ್ಲಿ ಕೊಡೆ ಹಿಡಿದು ಬೆಸುಗೆ ಹಾಕಲಾಗದು.

ಪಂಪನ್ನೇ ಬಂದ್ ಮಾಡಬಹುದಲ್ಲ?

ಮಾಡಬಹುದು, ಆದರೆ ಬೋರ್ಡಿನ ಆಜ್ಞೆಯಿಂದ ಕರೆಂಟು ಹಾಕಿ ತೆಗೆಯುವ ಆ ನೀಲಿ ಬಣ್ಣದ ಸಣ್ಣ ರಿಲೇಯಿಂದ ಖಂಡಿತ ಬೇಡ. ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ ನಿಜ. 1 ಎಚ್‌ಪಿ ಪಂಪು ಓಡುವಾಗ ಅದಕ್ಕಿಂತ ಕಮ್ಮಿಯೇ ಎಳೆಯುತ್ತದೆ. ಆದರೆ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ, ರಿಲೇಯ ಒಳಗಿನ ಸಂಪರ್ಕಗಳು ಕರಗಿ ಅಂಟಿಕೊಳ್ಳುತ್ತವೆ. ಆಮೇಲೆ ಬೋರ್ಡ್ ಎಷ್ಟು ಹೇಳಿದರೂ ಪಂಪು ನಿಲ್ಲುವುದಿಲ್ಲ. ಪಂಪಿಗೆ ಬೇಕಾದದ್ದು ಮೋಟರುಗಳಿಗೆಂದೇ ಮಾಡಿದ ಗಟ್ಟಿ ಸ್ವಿಚ್ಚಾದ ಕಾಂಟ್ಯಾಕ್ಟರ್, ಜೊತೆಗೆ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಒದ್ದೆ ನೆಲ, ಬಾವಿಕಟ್ಟೆ, 230 ವೋಲ್ಟು, ಇವು ಹವ್ಯಾಸಕ್ಕೆ ಇರುವ ಜಾಗ ಅಲ್ಲ. ನಾನು ಇವತ್ತಿಗೂ ಬಜರ್ ಕೇಳಿ ಕೈಯಿಂದಲೇ ಬಂದ್ ಮಾಡುತ್ತೇನೆ.

ಕೊನೆಗೆ ಸಿಡಿಲಿನ ಮಾತು. ನಮ್ಮಲ್ಲಿ ಅದು ಜಾಸ್ತಿ ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನ ಸಂಜೆಗಳಲ್ಲಿ. ಟೆರೇಸಿನಿಂದ ಇಳಿಯುವ ಉದ್ದ ತಂತಿ ಹತ್ತಿರದ ಸಿಡಿಲಿನ ಹೊಡೆತವನ್ನು ಒಳಗೆ ತರಬಲ್ಲದು. ಆದ್ದರಿಂದ ಕೇಬಲ್ ಪೆಟ್ಟಿಗೆಗೆ ಸೇರುವಲ್ಲಿ ಕಳಚಬಹುದಾದ ಒಂದು ಪ್ಲಗ್ ಇಡಿ. ಗುಡುಗು ದೂರದಲ್ಲಿದ್ದಾಗ ಮೋಡೆಮ್ ಕಳಚಿದರೂ ಅಲಾರಂ ಕೆಲಸ ಮಾಡುತ್ತಲೇ ಇರುತ್ತದೆ. ಹತ್ತಿರ ಬಂತು ಅನ್ನಿಸಿದರೆ ಮೊದಲು ಪಂಪು ನಿಲ್ಲಿಸಿ, ಆಮೇಲೆ ಟ್ಯಾಂಕಿಯ ಪ್ಲಗ್ಗನ್ನೂ ಬೋರ್ಡಿನ ಚಾರ್ಜರನ್ನೂ ತೆಗೆದಿಡಿ. ಮಳೆ ನಿಂತು ಚಾರ್ಜರ್ ಹಾಕಿದಾಗ ಟ್ಯಾಂಕಿಯ ಪ್ಲಗ್ ಮರೆತಿದ್ದರೆ ಬೋರ್ಡಿಗೆ ಅದು ತುಂಡಾದ ಕೇಬಲ್ಲಿನ ಹಾಗೆಯೇ ಕಾಣುತ್ತದೆ, ನಿಮಿಷಕ್ಕೊಮ್ಮೆ ಎರಡು ಬೀಪ್ ಹಾಕುತ್ತದೆ. ಅದು ಕೇಳಿದರೆ ಈಗ ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಾರೆ, "ಟ್ಯಾಂಕಿದು ಸಿಕ್ಕಿಸ್ಲಿಕ್ಕೆ ಬಾಕಿ ಉಂಟಾ?"